ಸೈಬರ್ ಅಂಗಡಿಯ ಮುಂದಿನ ಸಾಲು

ವಿದ್ಯಾರ್ಥಿ ಮಿತ್ರರೇ, ಅಧ್ಯಾಪಕರೇ,

ಬೆಳಿಗ್ಗೆ ನಿಮ್ಮಲ್ಲೊಬ್ಬರು ನನ್ನನ್ನು ಕೇಳಿದರು: "ಫೋಟೊವನ್ನು ಐವತ್ತು ಕೆಬಿಗೆ ಇಳಿಸಿ ಅರ್ಜಿಗೆ ಹಾಕುವುದು ಎರಡು ನಿಮಿಷದ ಕೆಲಸ. ಅದಕ್ಕೆ ಜನ ದುಡ್ಡು ಏಕೆ ಕೊಡುತ್ತಾರೆ?" ಕೇಳಬೇಕಾದ ಪ್ರಶ್ನೆಯೇ. ಆದರೆ ಜನರಿಗೆ ತಿಳಿವಳಿಕೆ ಸಾಲದು ಎಂಬುದು ನಿಮ್ಮ ಉತ್ತರವಾಗಿದ್ದರೆ ನಾನು ಒಪ್ಪುವುದಿಲ್ಲ.

2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾಯಿತು. ನೋಂದಣಿ ಉಚಿತ. ಆದರೂ ನಮ್ಮ ತಾಲ್ಲೂಕು ಕೇಂದ್ರದ ಸೈಬರ್ ಅಂಗಡಿಗಳ ಮುಂದೆ ಹೆಂಗಸರ ಸಾಲು ಕರಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಲ್ಲಿಯೇ ಕುಳಿತು ನೋಡಿದೆ. ಅರವತ್ತು ದಾಟಿದ ತಾಯಿಯೊಬ್ಬರು ಪ್ಲಾಸ್ಟಿಕ್ ಚೀಲದಿಂದ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಲಕ್ಷ್ಮಮ್ಮ ಎಂಬಂಥ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅದು ಒಂದೇ. ಇಂಗ್ಲಿಷಿನಲ್ಲಿ ಒಂದು ಕಡೆ 'ಕೆ, ಎಸ್, ಎಚ್' ಇರುತ್ತದೆ, ಇನ್ನೊಂದು ಕಡೆ 'ಎಕ್ಸ್' ಇರುತ್ತದೆ, ಮತ್ತೊಂದು ಕಡೆ ಅಮ್ಮ ಬಿಟ್ಟುಹೋಗಿ ಬರಿಯ ಲಕ್ಷ್ಮಿ ಉಳಿದಿರುತ್ತಾಳೆ. ಈ ತಾಯಿಯದೂ ಅದೇ ಗೋಳು. ಅಂಗಡಿಯ ಹುಡುಗ ಮೂರನ್ನೂ ಪಕ್ಕಪಕ್ಕ ಇಟ್ಟು, ಯಾವುದನ್ನು ಮೊದಲು ತಿದ್ದಿಸಬೇಕು, ಅದಕ್ಕೆ ಯಾವ ಕಾಗದ ಬೇಕು ಎಂದು ಬಿಡಿಸಿ ಹೇಳಿದ. ಒಟಿಪಿ ಹೋಗಿದ್ದು ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ. ಮಗ ಕೆಲಸದಲ್ಲಿದ್ದ, ಕರೆ ಎತ್ತಲಿಲ್ಲ. ಒಟಿಪಿಯ ಅವಧಿ ಮುಗಿಯಿತು. ಹುಡುಗ ಮತ್ತೆ ಕಳುಹಿಸಿದ, ಮತ್ತೆ ಕರೆ ಮಾಡಿದ. ಕೊನೆಗೆ ಆಕೆ, "ಇದು ಆಗುತ್ತದಲ್ಲ, ಮಗನೇ?" ಎಂದರು. "ಆಗದಿದ್ದರೆ ಬನ್ನಿ ಅಮ್ಮ, ಇನ್ನೊಮ್ಮೆ ದುಡ್ಡು ಕೊಡುವುದು ಬೇಡ" ಎಂದ.

ಆಕೆ ಹಣ ಕೊಟ್ಟಿದ್ದು ಆ ಮಾತಿಗೆ. ತಪ್ಪು ಗುಂಡಿ ಒತ್ತಿದರೆ ಹಿಂದಕ್ಕೆ ಬರಬಹುದು ಎಂಬ ಧೈರ್ಯ ನಿಮಗಿದೆ, ಏಕೆಂದರೆ ನೀವು ಕೆಡಿಸಿ ಕೆಡಿಸಿಯೇ ಕಲಿತವರು. ಆಕೆಗೆ ಒಂದು ಅಕ್ಷರ ತಪ್ಪಿದರೆ ತಿಂಗಳ 2000 ರೂಪಾಯಿ ನಿಲ್ಲುತ್ತದೆ. ಕೆಡಿಸಿ ಕಲಿಯುವ ಅವಕಾಶ ಆಕೆಗಿಲ್ಲ.

ಇದು ಹೊಸ ಮಾತೂ ಅಲ್ಲ. ನನ್ನ ತಂದೆ ಶಾಲಾ ಮಾಸ್ತರರು. ಊರಿನ ಅರ್ಧ ಜನರ ಕಾಗದಗಳನ್ನು ಅವರೇ ಬರೆದುಕೊಡುತ್ತಿದ್ದರು. ಖಾತೆ ಬದಲಾವಣೆಯ ವಿಷಯ ಬಂದಾಗ ಮಾತ್ರ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಬೆರಳಚ್ಚು ಯಂತ್ರ ಇಟ್ಟುಕೊಂಡಿದ್ದ ಅರ್ಜಿ ಬರಹಗಾರರ ಬಳಿ ಹೋದರು. ಅರ್ಜಿ ಯಾವ ಮೇಜಿಗೆ ಹೋಗುತ್ತದೆ, ಯಾವ ಸ್ಟಾಂಪು ಹಚ್ಚಬೇಕು ಎಂಬುದು ಆ ಬರಹಗಾರರಿಗೆ ಗೊತ್ತಿತ್ತು. 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದಾಗಲೂ ರೈತರು 15 ರೂಪಾಯಿ ಕೊಟ್ಟದ್ದು ಮುದ್ರಿಸಿದ ಹಾಳೆಗಷ್ಟೇ ಅಲ್ಲ. ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತಲ್ಲ, ಅದಕ್ಕೂ ಸೇರಿಸಿ. ಇಷ್ಟು ವರ್ಷ ಕಂಪ್ಯೂಟರ್ ಕಲಿಸಿದ ನಾನೂ ಆದಾಯ ತೆರಿಗೆ ವಿವರ ಸಲ್ಲಿಸಲು ಲೆಕ್ಕಪರಿಶೋಧಕರಿಗೆ ಹಣ ಕೊಡುತ್ತೇನೆ. ಜಾಲತಾಣ ಅರ್ಧ ಅರ್ಜಿಯನ್ನು ತಾನೇ ತುಂಬಿಟ್ಟಿರುತ್ತದೆ. ನಾಳೆ ನೋಟಿಸು ಬಂದರೆ ಕೇಳಲು ಒಬ್ಬರು ಬೇಕು, ಅಷ್ಟೇ.

ಈ ನಂಬಿಕೆಯನ್ನೇ ದುರುಪಯೋಗ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ಅಂಗಡಿಯ ಪರದೆಯ ಮೇಲೆ ಊರಿನವರ ಆಧಾರ್ ಪ್ರತಿಗಳು ಹೆಸರು ಸಮೇತ ಸಾಲಾಗಿ ಬಿದ್ದಿದ್ದನ್ನು ನೋಡಿದ್ದೇನೆ. ಗಿರಾಕಿಯ ಮೊಬೈಲ್ ಸಂಖ್ಯೆಯ ಜಾಗದಲ್ಲಿ ತಮ್ಮದನ್ನೇ ಹಾಕಿಕೊಳ್ಳುವವರಿದ್ದಾರೆ. ಮುಂದಿನ ಪ್ರತಿ ಕೆಲಸಕ್ಕೂ ಆ ಮನುಷ್ಯ ಅದೇ ಅಂಗಡಿಗೆ ಬರಲೇಬೇಕು. ನಿಮ್ಮಲ್ಲಿ ಕೆಲವರು ಇಂಥ ಅಂಗಡಿ ತೆರೆಯುತ್ತೀರಿ, ಕೆಲವರು ಆ ಅರ್ಜಿಯ ಪುಟಗಳನ್ನೇ ರೂಪಿಸುವ ಕೆಲಸಕ್ಕೆ ಹೋಗುತ್ತೀರಿ. ಅಂಗಡಿ ತೆರೆಯುವವರು ಕೆಲಸ ಮುಗಿದ ಕೂಡಲೇ ಪ್ರತಿಗಳನ್ನು ಅಳಿಸಿ, ಅರ್ಜಿ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅವರ ಕೈಗೆ ಕೊಡಿ. ಪುಟ ರೂಪಿಸುವವರು, ದಯವಿಟ್ಟು, ಕನ್ನಡದಲ್ಲಿ ಬರೆದ ಹೆಸರನ್ನು ಕನ್ನಡದಲ್ಲಿಯೇ ಹೋಲಿಸಿ ನೋಡಿ.