ಎದೆ ಢವಗುಟ್ಟಿದಾಗ ನಾಡಿ ಹಿಡಿಯಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂದಿನ ವಿಷಯ ಎದೆಬಡಿತ ಎಂದು ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರ ಬಲಗೈ ಬೆರಳುಗಳು ತಾವಾಗಿಯೇ ಎಡಗೈ ಮಣಿಕಟ್ಟಿನ ಮೇಲೆ ಹೋಗಿ ಕೂತಿರುತ್ತವೆ. ನನಗೆ ಗೊತ್ತು. ದಯವಿಟ್ಟು ತೆಗೆಯಿರಿ. ನಾನು ಇವತ್ತು ಹೇಳಲು ಬಂದಿರುವುದು ಹೆಚ್ಚುಕಡಿಮೆ ಅದೊಂದೇ ಮಾತು. ನೀವು ಇಸಿಜಿ ತೆಗೆಸಿದ್ದೀರಿ, ರಕ್ತಪರೀಕ್ಷೆ ಮಾಡಿಸಿದ್ದೀರಿ, ರಕ್ತಹೀನತೆ ಇಲ್ಲ, ಥೈರಾಯ್ಡ್ ಸರಿಯಾಗಿದೆ, ವೈದ್ಯರು ಎಲ್ಲವನ್ನೂ ನೋಡಿ "ಹೃದಯ ಚೆನ್ನಾಗಿದೆ, ಇದು ಆತಂಕದಿಂದ ಬರುವ ಬಡಿತ" ಎಂದಿದ್ದಾರೆ. ಹಾಗಿದ್ದ ಮೇಲೆ ನಾಡಿ ಹಿಡಿದು ನೋಡುವುದನ್ನು ಬಿಡಿ.

ಇನ್ನೂ ಪರೀಕ್ಷೆ ಮಾಡಿಸದವರು ಮೊದಲು ಹೋಗಿ ಮಾಡಿಸಿಕೊಳ್ಳಿ. ಬಡಿತ ಬಂದಾಗ ಪ್ರಜ್ಞೆ ತಪ್ಪಿ ಬಿದ್ದವರು, ಜೊತೆಗೆ ಎದೆನೋವೋ ಏದುಸಿರೋ ಬರುವವರು, ಓಡುವಾಗ ಅಥವಾ ಭಾರದ ಕೆಲಸ ಮಾಡುವಾಗಲೇ ಬಡಿತ ತಾಳ ತಪ್ಪುವವರು, ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅಂಥವರು, ಮೊದಲೇ ಹೃದಯದ ಕಾಯಿಲೆ ಇರುವವರು ತಡಮಾಡಬಾರದು. ನನ್ನ ಇಂದಿನ ಮಾತು ನಿಮಗಲ್ಲ. ಪರೀಕ್ಷೆಯೆಲ್ಲ ಮುಗಿದು, ವರದಿಗಳ ದಪ್ಪ ಫೈಲನ್ನು ಕಂಕುಳಲ್ಲಿಟ್ಟುಕೊಂಡು, ಮತ್ತೂ ನಿದ್ದೆಗೆಟ್ಟು ಕೂತಿರುವವರ ಜೊತೆ ನಾನು ಮಾತನಾಡುತ್ತಿದ್ದೇನೆ.

ಒಳಗೆ ಏನು ನಡೆಯುತ್ತದೆ ಎಂದು ನೋಡೋಣ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದರ ಬಲ ಮೇಲ್ಕೋಣೆಯ ಗೋಡೆಯಲ್ಲಿರುವ ಒಂದು ಪುಟ್ಟ ಜಾಗ ಈ ಬಡಿತಕ್ಕೆ ಲಯ ಹಾಕಿಕೊಡುತ್ತದೆ. ಆಗೊಮ್ಮೆ ಈಗೊಮ್ಮೆ ಅದರ ಅಪ್ಪಣೆಗೆ ಕಾಯದೆ ಬೇರೊಂದು ಕಡೆಯಿಂದ ಒಂದು ಬಡಿತ ಅವಸರವಾಗಿ ಹೊರಟುಬಿಡುತ್ತದೆ. ಆ ಹೊತ್ತಿಗೆ ಹೃದಯದಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲ. ಹಾಗಾಗಿ ಆ ಬಡಿತಕ್ಕೆ ಬಲವಿಲ್ಲ, ಮಣಿಕಟ್ಟಿನಲ್ಲಿ ಸಿಗುವುದೂ ಇಲ್ಲ. ಅದರ ಹಿಂದೆಯೇ ಒಂದು ತುಸು ಉದ್ದದ ಬಿಡುವು. ಆ ಬಿಡುವಿನಲ್ಲಿ ರಕ್ತ ಎಂದಿಗಿಂತ ಹೆಚ್ಚು ತುಂಬಿಕೊಂಡು, ಮುಂದಿನ ಬಡಿತ ಧಡ್ ಎಂದು ಬೀಳುತ್ತದೆ. "ಡಾಕ್ಟರೇ, ಹೃದಯ ನಿಂತೇ ಹೋಗಿತ್ತು, ಮತ್ತೆ ಶುರುವಾಯಿತು" ಎಂದು ನೀವು ಹೇಳುವುದು ಇದನ್ನೇ. ನಿಂತಿರಲಿಲ್ಲ. ಆರೋಗ್ಯವಂತರಲ್ಲೂ ಇಂಥ ಬಡಿತಗಳು ಬರುತ್ತಲೇ ಇರುತ್ತವೆ. ನನಗೂ ಬರುತ್ತವೆ.

ಇನ್ನೊಂದು ಬಗೆ, ಬರೀ ವೇಗವಾಗಿ ಹೊಡೆದುಕೊಳ್ಳುವುದು. ಹೆದರಿಕೆಯಾದಾಗ ದೇಹ ಅಡ್ರಿನಾಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ, ಹೃದಯ ಓಟಕ್ಕೆ ಸಿದ್ಧವಾಗುತ್ತದೆ. ಓಡಬೇಕಾದ ಅಪಾಯ ಎದುರಿಗೆ ಇಲ್ಲದಿದ್ದರೂ ರಸ ತನ್ನ ಕೆಲಸ ಮಾಡುತ್ತದೆ. ನೀವು ನಾಡಿ ಹಿಡಿಯುತ್ತೀರಿ, ಜೋರಾಗಿದೆ ಎಂದು ಗಾಬರಿಯಾಗುತ್ತೀರಿ, ಗಾಬರಿಗೆ ಇನ್ನಷ್ಟು ಅಡ್ರಿನಾಲಿನ್, ಅದಕ್ಕೆ ಇನ್ನಷ್ಟು ಬಡಿತ. ಮಲಗಿದ ಮಗುವಿಗೆ ನಿದ್ದೆ ಬಂದಿದೆಯೋ ಇಲ್ಲವೋ ಎಂದು ಘಳಿಗೆಗೊಮ್ಮೆ ಮುಟ್ಟಿ ನೋಡಿದರೆ ಮಗು ಏಳದೆ ಏನು ಮಾಡೀತು?

ಇದೇನೂ ಮೊಬೈಲ್ ಕಾಲದ ಕಾಯಿಲೆಯಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಎದೆ ಬಡಿದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ ಎಂದು ಆಸ್ಪತ್ರೆ ಸೇರಿದ ಸೈನಿಕರನ್ನು ಜೇಕಬ್ ಡಕೋಸ್ಟ ಎಂಬ ವೈದ್ಯ ಬಹಳ ತಾಳ್ಮೆಯಿಂದ ಪರೀಕ್ಷಿಸಿ 1871ರಲ್ಲಿ ವಿವರವಾಗಿ ಬರೆದ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಲ್ಲೂ ಅದೇ ದೂರು. ಅವರನ್ನು ಹಾಸಿಗೆಯಲ್ಲಿ ಮಲಗಿಸಿಡುವ ಬದಲು ಎಬ್ಬಿಸಿ ಹಂತಹಂತವಾಗಿ ಕವಾಯತು ಮಾಡಿಸಿದವನು ಥಾಮಸ್ ಲೂಯಿಸ್. ಆ ಕಾಲದ ಹೃದಯತಜ್ಞರಲ್ಲಿ ದೊಡ್ಡ ಹೆಸರು ಅವನದು. ಎದ್ದು ಓಡಾಡಿದ ಬಹಳಷ್ಟು ಜನ ಕೆಲಸಕ್ಕೆ ಮರಳಿದರು.

ಈಗ ನನ್ನ ಬಳಿ ಬರುತ್ತಿದ್ದ ಒಬ್ಬರ ಕಥೆ ಹೇಳಲೇಬೇಕು. ಬ್ಯಾಂಕಿನಲ್ಲಿ ಸಾಲ ವಿಭಾಗದ ಅಧಿಕಾರಿ, ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಎಲ್ಲವೂ ಸರಿಯಾಗಿದ್ದವು. ಅವರಿಗೆ ಸಮಾಧಾನವಿಲ್ಲ. "ಬಡಿತ ಬರುವಾಗ ನೀವು ನೋಡಿಲ್ಲವಲ್ಲ" ಎಂದು ಅವರ ವಾದ. ವಾದ ನ್ಯಾಯವಾದದ್ದೇ. ಅದಕ್ಕೆಂದೇ ಹೋಲ್ಟರ್ ಎಂಬ ಯಂತ್ರವಿದೆ. ಅಂಗೈಯಷ್ಟಿರುವ ಪೆಟ್ಟಿಗೆ, ಎದೆಗೆ ಅಂಟಿಸಿದ ತಂತಿಗಳು, 24 ಗಂಟೆಯ ಪ್ರತಿಯೊಂದು ಬಡಿತವೂ ದಾಖಲು. ಅಮೆರಿಕದ ನಾರ್ಮನ್ ಹೋಲ್ಟರ್ ಇದನ್ನು ಮೊದಲು ಕಟ್ಟಿದಾಗ ಬೆನ್ನ ಮೇಲೆ ಹೊರುವ ಮೂಟೆಯಷ್ಟಿತ್ತು, ತೂಕ ಸುಮಾರು 38 ಕಿಲೋ! ಈಗ ಷರ್ಟಿನೊಳಗೆ ಅಡಗುತ್ತದೆ.

ಯಂತ್ರದ ಜೊತೆಗೆ ಒಂದು ಹಾಳೆ ಕೊಡುತ್ತೇವೆ. ಬಡಿತ ಬಂತೆನಿಸಿದಾಗ ಸಮಯ ಬರೆಯಬೇಕು, ಆಗ ಏನು ಮಾಡುತ್ತಿದ್ದಿರಿ ಎಂಬುದನ್ನೂ ಬರೆಯಬೇಕು. ಇವರು ಹಾಳೆ ಸಾಲದೆ ಹಿಂಬದಿಯಲ್ಲೂ ಬರೆದು ತಂದರು. ರಾತ್ರಿ 11:40, ಎದೆಯಲ್ಲಿ ಏನೋ ಮಗುಚಿದ ಹಾಗೆ. ರಾತ್ರಿ 2:10, ಬಡಿತ ಜೋರು, ಹೆಂಡತಿಯನ್ನು ಎಬ್ಬಿಸಿದೆ. ಪಾಪ, ಆ ತಾಯಿ ನಿದ್ದೆಗಣ್ಣಿನಲ್ಲಿ ಇವರ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ಕೂತಿದ್ದರಂತೆ. ಸಂಜೆ 7ರಿಂದ 8 ಎಂಬಲ್ಲಿ ಮಾತ್ರ ಒಂದೇ ಸಾಲು: ಮಗಳಿಗೆ ಲೆಕ್ಕ ಹೇಳಿಕೊಟ್ಟೆ.

ಯಂತ್ರದ ದಾಖಲೆಯನ್ನು ಅವರ ಹಾಳೆಯ ಪಕ್ಕದಲ್ಲಿಟ್ಟು ಇಬ್ಬರೂ ಓದಲು ಕೂತೆವು. ರಾತ್ರಿ 11:40ಕ್ಕೆ ಹೃದಯ ನಿಮಿಷಕ್ಕೆ 88, ಒಂದೇ ಸಮನಾದ ಬಡಿತ. 2:10ಕ್ಕೆ ಸ್ವಲ್ಪ ವೇಗ, ಹೆದರಿದ ಯಾರಿಗೂ ಇರುವಷ್ಟೇ, ಲಯದಲ್ಲಿ ತಪ್ಪಿಲ್ಲ. ಅವಸರದ ಬಡಿತಗಳು ಇದ್ದವು, ಇಲ್ಲವೆಂದಲ್ಲ. ಅವುಗಳಲ್ಲಿ ಹೆಚ್ಚಿನವು ಬಂದದ್ದು ಸಂಜೆ 7ರಿಂದ 8ರ ನಡುವೆ, ಅವರು ಮಗಳ ಜೊತೆ ತಲೆ ಕೆಡಿಸಿಕೊಂಡು ಲೆಕ್ಕ ಬಿಡಿಸುತ್ತಿದ್ದಾಗ!

ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಯಂತ್ರದ ಗಡಿಯಾರ ಹಿಂದೆಮುಂದೆ ಆಗಿರಬಹುದಲ್ಲವೇ?" ಎಂದರು. ಆಗಿಲ್ಲ ಎಂದೆ. "ಹಾಗಾದರೆ ಅಷ್ಟೊಂದು ಬಂದರೂ ನನಗೆ ಯಾಕೆ ತಿಳಿಯಲಿಲ್ಲ?"

"ನೀವು ಆಗ ಕಿವಿಗೊಟ್ಟಿರಲಿಲ್ಲ" ಎಂದೆ.

ಅವರಿಗೆ ನಗು ಬಂತು. ಅವತ್ತೇ ಕೈಗೆ ಕಟ್ಟಿದ್ದ ಸ್ಮಾರ್ಟ್ ವಾಚನ್ನು ಬಿಚ್ಚಿ ಬೀರುವಿನಲ್ಲಿ ಇಡುತ್ತೇನೆ ಎಂದು ಮಾತು ಕೊಟ್ಟರು. ಕೊಟ್ಟ ಮಾತಿನಂತೆ ಇಟ್ಟರು ಕೂಡ. ಮುಂದಿನ ಸಲ ಬಂದಾಗ ಅವರ ಹೆಂಡತಿ ಚೀಲದಿಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. "ಈಗ ಇದು ಡಾಕ್ಟರೇ, ದಿಂಬಿನ ಕೆಳಗೆ." ನಾನು ಸ್ವಲ್ಪ ಗದರಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಚಟ ಒಂದೇ ದಿನಕ್ಕೆ ಬಿಡುವುದಿಲ್ಲ. ಮೊದಲು ದಿನಕ್ಕೆ ಒಂದೇ ಸಲ ನೋಡಿ, ಆಮೇಲೆ ವಾರಕ್ಕೊಂದು ಸಲ ಎಂದು ಗೊತ್ತುಮಾಡಿಕೊಂಡೆವು. ಅವರ ಅವಸರದ ಬಡಿತಗಳು ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಈಗ ಅವರು ನನ್ನ ಹತ್ತಿರ ಬರುವುದು ಮಂಡಿನೋವಿಗೆ.

ಕಥೆ ಉದ್ದವಾಯಿತು, ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಬಡಿತ ಬಂದಾಗ ಏನು ಮಾಡಬೇಕು ಎಂದು ಎಲ್ಲರೂ ಕೇಳುತ್ತೀರಿ. ಮಾಡುತ್ತಿದ್ದ ಕೆಲಸವನ್ನು ಮುಂದುವರಿಸಿ. ಪಾತ್ರೆ ತೊಳೆಯುತ್ತಿದ್ದರೆ ತೊಳೆಯಿರಿ, ನಡೆಯುತ್ತಿದ್ದರೆ ನಡೆಯಿರಿ. ಕೂತು ಸಮಾಧಾನ ಮಾಡಿಕೊಳ್ಳಲೇಬೇಕು ಎನಿಸಿದರೆ ಮೂಗಿನಿಂದ ಮೆಲ್ಲಗೆ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಿ. ಉಸಿರು ಬಿಡುವಾಗ ಹೃದಯ ತಾನಾಗಿ ತುಸು ನಿಧಾನವಾಗುತ್ತದೆ, ದೇಹದ ಏರ್ಪಾಟೇ ಹಾಗಿದೆ. ಬೆರಳು ಮಾತ್ರ ಮಣಿಕಟ್ಟಿಗೆ ಹೋಗಬಾರದು. ವಿಪರೀತ ಗಾಬರಿ ಕೂಡ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯಲು ತೊಡಗುತ್ತದೆ.

ರಾತ್ರಿ ಎಡಮಗ್ಗುಲಿಗೆ ಮಲಗಿದಾಗ ಬಡಿತ ಜೋರಾಗಿ ಕೇಳಿಸುವುದು ಹೃದಯ ಎದೆಗೂಡಿನ ಗೋಡೆಗೆ ಹತ್ತಿರವಾಗುವುದರಿಂದ. ಬಲಕ್ಕೆ ತಿರುಗಿ ಮಲಗಿ, ಅಷ್ಟೇ. ಕಾಫಿ, ಚಹಾ ಕುಡಿದಾಗ ಬಡಿತ ಹೆಚ್ಚುತ್ತದೆ ಎನಿಸಿದರೆ ಕಡಿಮೆ ಮಾಡಿ. ಸಿಗರೇಟನ್ನು ಪೂರ್ತಿ ಬಿಡಿ, ಅದಕ್ಕೆ ಬಡಿತದ ನೆಪ ಬೇಕಾಗಿಲ್ಲ. ಮದ್ಯವೂ ನಿದ್ದೆಗೇಡೂ ಬಡಿತವನ್ನು ಕೆಣಕುತ್ತವೆ. ಕಟ್ಟಿದ ಮೂಗಿಗೆ ನುಂಗುವ ಕೆಲವು ಮಾತ್ರೆಗಳು, ಆಸ್ತಮಾದ ಕೆಲವು ಇನ್‌ಹೇಲರ್‌ಗಳು ಸಹ ಎದೆ ಹಾರಿಸುತ್ತವೆ. ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ವೈದ್ಯರಿಗೆ ಹೇಳಿ, ಇನ್‌ಹೇಲರ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ದಿನವೂ ಚುರುಕಾಗಿ ನಡೆಯಿರಿ. ನಡೆದಾಗ ಎದೆ ಬಡಿಯುತ್ತದೆ, ಬಡಿಯಲಿ. ಆ ಬಡಿತಕ್ಕೆ ಹೆದರದೆ ಇರುವುದು ನಡೆದು ನಡೆದೇ ರೂಢಿಯಾಗಬೇಕು.

ಆತಂಕ ಬಡಿತಕ್ಕಷ್ಟೇ ನಿಲ್ಲದೆ ಊಟ, ನಿದ್ದೆ, ಕೆಲಸ ಎಲ್ಲವನ್ನೂ ಕೆಡಿಸುತ್ತಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಹೆದರಿಕೆಯ ಯೋಚನೆಗಳನ್ನು ಹಿಡಿದು ತಿದ್ದುವ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳೂ ಇವೆ, ಕೆಲವರಿಗೆ ಕೊಡುತ್ತೇವೆ. ಪಕ್ಕದ ಮನೆಯವರಿಗೆ ಬರೆದುಕೊಟ್ಟದ್ದನ್ನು ನೀವು ನುಂಗಬೇಡಿ, ಆಸ್ತಮಾ ಇರುವವರಂತೂ ಅದರ ಹತ್ತಿರ ಸುಳಿಯಬೇಡಿ.

ಇನ್ನು ಮನೆಯವರಿಗೊಂದು ಮಾತು. ರಾತ್ರಿ ಅವರು ಕೈ ಚಾಚಿ "ನಾಡಿ ನೋಡು" ಎಂದರೆ ನೋಡಬೇಡಿ. ಜೊತೆಯಲ್ಲಿ ಕೂತು ಬೇರೇನಾದರೂ ಮಾತನಾಡಿ. ನಮಸ್ಕಾರ.