ಕಣ್ಣಿಗೆ ಗಾತ್ರ ಸಿಗುವುದು ಎಲ್ಲಿಂದ?

ಕೇಳುಗರಿಗೆ ನಮಸ್ಕಾರ. ಒಂದು ವಸ್ತು ದೊಡ್ಡದೋ ಚಿಕ್ಕದೋ ಅಂತ ನಮಗೆ ಹೇಗೆ ಗೊತ್ತಾಗುತ್ತದೆ? ನೋಡಿದ ಕೂಡಲೇ ಗೊತ್ತಾಗುತ್ತದಲ್ಲ, ಅದರಲ್ಲಿ ಕೇಳುವುದೇನಿದೆ ಅನ್ನಿಸಬಹುದು. ಆದರೆ ಯುರೋಪಿನಲ್ಲಿ ಇದರ ಮೇಲೆ ನೂರು ವರ್ಷ ಜಗ್ಗಾಟ ನಡೆದಿದೆ.

ಫ್ರಾನ್ಸಿನ ತತ್ವಜ್ಞಾನಿ ರೆನೆ ಡೆಕಾರ್ಟ್ 1637ರಲ್ಲಿ ಬೆಳಕು, ಕಣ್ಣು, ಮಸೂರಗಳ ಬಗ್ಗೆ ಬರೆದ. ಅದರಲ್ಲೊಂದು ಪ್ರಯೋಗವಿದೆ. ಆಗಷ್ಟೇ ಸತ್ತ ಎತ್ತಿನ ಕಣ್ಣು ತೆಗೆದುಕೊಂಡು, ಅದರ ಹಿಂಬದಿಯನ್ನು ಹುಷಾರಾಗಿ ಕತ್ತರಿಸಿ, ಅಲ್ಲಿ ತೆಳ್ಳನೆಯ ಕಾಗದವನ್ನೋ ಮೊಟ್ಟೆಯ ಸಿಪ್ಪೆಯನ್ನೋ ಮುಚ್ಚಿ, ಕತ್ತಲೆ ಕೋಣೆಯ ಕಿಟಕಿಯ ತೂತಿಗೆ ಅದನ್ನು ಕೂರಿಸಬೇಕು. ಹೊರಗಿನದ್ದೆಲ್ಲ ಆ ಸಿಪ್ಪೆಯ ಮೇಲೆ ಪುಟ್ಟದಾಗಿ, ತಲೆಕೆಳಗಾಗಿ ಮೂಡುತ್ತದೆ. ತೊಡಕು ಇರುವುದೇ ಇಲ್ಲಿ. ಹತ್ತಿರದ ಮಗು, ದೂರದ ಮರ ಎರಡೂ ಕಣ್ಣೊಳಗೆ ಒಂದೇ ಅಳತೆಯಲ್ಲಿ ಮೂಡಬಹುದು. ಆದರೂ ಮರವೇ ದೊಡ್ಡದಾಗಿ ಕಾಣುತ್ತದೆ, ಅಲ್ವಾ?

ಡೆಕಾರ್ಟ್ ಹೇಳಿದ್ದು ಇಷ್ಟು: ಚಿತ್ರದ ಅಳತೆಯ ಜೊತೆ ದೂರವನ್ನೂ ಮನಸ್ಸು ಹೋಲಿಸಿ ನೋಡುತ್ತದೆ. ಎರಡು ಕೋಲುಗಳ ತುದಿ ಕೂಡಿಸಿ ಕುರುಡ ದೂರ ತಿಳಿಯುವ ಹಾಗೆ, ನಮ್ಮ ಎರಡು ಕಣ್ಣುಗಳ ಕೋನದಿಂದ ದೂರ ತಿಳಿಯುತ್ತದೆ. ಹುಟ್ಟಿನಿಂದಲೇ ಬಂದ ರೇಖಾಗಣಿತ ಅನ್ನಿ.

ಐರ್ಲೆಂಡಿನ ಜಾರ್ಜ್ ಬರ್ಕ್ಲಿ ಇದನ್ನು ಸುತರಾಂ ಒಪ್ಪಲಿಲ್ಲ. 1709ರಲ್ಲಿ ನೋಟದ ಬಗ್ಗೆ ಪುಸ್ತಕ ಬರೆದಾಗ ಅವನಿಗಿನ್ನೂ 24 ವರ್ಷ. ಆ ಕೋನ, ಆ ಗೆರೆ ಯಾರ ಅರಿವಿಗೂ ಬರುವುದಿಲ್ಲ, ಗೊತ್ತೇ ಇಲ್ಲದ್ದನ್ನು ಹಿಡಿದು ಮನಸ್ಸು ಲೆಕ್ಕ ಹಾಕುವುದು ಹೇಗೆ ಅಂತ ಕೇಳಿದ. ಮುಖ ಕೆಂಪಾದರೆ ನಾಚಿಕೆ ಅಂತ ತಿಳಿಯುತ್ತೇವೆ, ಅದನ್ನು ಯಾವ ಲೆಕ್ಕವೂ ಹೇಳುವುದಿಲ್ಲ, ನೋಡಿ ನೋಡಿ ರೂಢಿಯಾಗಿರುತ್ತದೆ. ಮಸುಕು, ಸ್ಪಷ್ಟತೆ ಇಂಥ ಗುರುತುಗಳಿಂದ ಗಾತ್ರ ತಿಳಿಯುವುದೂ ಹಾಗೇ ಅಂದ. ನನಗಂತೂ ಈ ಪ್ರಶ್ನೆ ಇವತ್ತಿಗೂ ಗಟ್ಟಿಯಾಗೇ ಇದೆ ಅನ್ನಿಸುತ್ತದೆ.

ಹುಟ್ಟುವ ಚಂದ್ರ ದೊಡ್ಡದಾಗಿ ಕಾಣುವುದರ ಮೇಲೂ ಜಗಳ. ನಡುವೆ ಹೊಲ, ಮರ, ಮನೆ ಇರುವುದರಿಂದ ಚಂದ್ರ ತುಂಬ ದೂರ ಇದ್ದಾನೆ ಅನ್ನಿಸಿ ದೊಡ್ಡದಾಗಿ ಕಾಣುತ್ತಾನೆ ಅಂತ ಫ್ರಾನ್ಸಿನ ಇನ್ನೊಬ್ಬ ತತ್ವಜ್ಞಾನಿ ಮಾಲ್‌ಬ್ರಾಂಶ್ ವಾದ. ಬರ್ಕ್ಲಿ ಅಂದ: ಗೋಡೆಯ ಹಿಂದೆ ನಿಂತು ನೋಡಿ, ಹೊಲ ಮರ ಏನೂ ಕಾಣದಿದ್ದರೂ ಚಂದ್ರ ದೊಡ್ಡವನೇ. ಒಳ್ಳೆಯ ಏಟು ಇದು. ಆದರೆ ಅವನು ಕೊಟ್ಟ ಕಾರಣ, ಅಂದರೆ ನೆಲದ ಹತ್ತಿರದ ಆವಿಯಿಂದ ಚಂದ್ರ ಮಸುಕಾಗುವುದು, ನನಗೆ ಸಾಲದು. ತಿಳಿಯಾದ ಸಂಜೆಯಲ್ಲೂ ಚಂದ್ರ ದೊಡ್ಡದಾಗೇ ಏಳುತ್ತಾನೆ. ಎಲ್ಲರೂ ಒಪ್ಪುವ ಒಂದು ಉತ್ತರ ಈಗಲೂ ಸಿಕ್ಕಿಲ್ಲ.

1728ರಲ್ಲಿ ವಿಲಿಯಂ ಚೆಸಲ್ಡನ್ ಅನ್ನುವ ಲಂಡನ್ನಿನ ವೈದ್ಯ ಒಂದು ವರದಿ ಬರೆದ. ತೀರಾ ಎಳವೆಯಿಂದಲೇ ಕಣ್ಣಿಲ್ಲದಿದ್ದ ಹುಡುಗನೊಬ್ಬನಿಗೆ, ಹದಿಮೂರೋ ಹದಿನಾಲ್ಕೋ ವಯಸ್ಸು, ಪೊರೆ ತೆಗೆದಿದ್ದ. ಮೊದಮೊದಲು ಕಂಡದ್ದೆಲ್ಲ ಕಣ್ಣಿಗೇ ತಾಗುತ್ತಿದೆ ಅನ್ನಿಸಿತಂತೆ. ಅಮ್ಮನ ಗಡಿಯಾರದ ಪದಕದಲ್ಲಿದ್ದ ಅಪ್ಪನ ಚಿತ್ರ ನೋಡಿ, ಅಷ್ಟು ದೊಡ್ಡ ಮುಖ ಇಷ್ಟು ಜಾಗದಲ್ಲಿ ಹೇಗೆ ಹಿಡಿಸಿತು ಅಂತ ಬೆರಗಾದ. ತಾನಿರುವ ಕೋಣೆ ಮನೆಯ ಒಂದು ಭಾಗ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಇಡೀ ಮನೆ ಆ ಕೋಣೆಗಿಂತ ದೊಡ್ಡದಾಗಿ ಕಾಣಬಹುದು ಅನ್ನುವುದನ್ನು ಊಹಿಸಿಕೊಳ್ಳಲೂ ಆಗಲಿಲ್ಲ. ಬುದ್ಧಿಗೆ ಗೊತ್ತಿದ್ದದ್ದು ಕಣ್ಣಿಗಿನ್ನೂ ಬಂದಿರಲಿಲ್ಲ. 1733ರಲ್ಲಿ ಬರ್ಕ್ಲಿ ಈ ವರದಿಯನ್ನು ತನ್ನ ವಾದಕ್ಕೆ ಸಾಕ್ಷಿಯಾಗಿ ಎತ್ತಿಕೊಂಡ.