ಮೈಸೆನ್ನಿನ ಪಿಂಗಾಣಿ ಗೊಂಬೆಗಳು

ಕೇಳುಗರಿಗೆ ನಮಸ್ಕಾರ.

ಒಂದು ಗೇಣೂ ಎತ್ತರವಿಲ್ಲದ ಗೊಂಬೆಗಳ ಬಗ್ಗೆ ಇವತ್ತು ಮಾತಾಡಬೇಕು. 18ನೇ ಶತಮಾನದಲ್ಲಿ ಜರ್ಮನಿಯ ಸ್ಯಾಕ್ಸನಿ ಸೀಮೆಯ ಮೈಸೆನ್ ಊರಿನಲ್ಲಿ ಮಾಡಿದ ಪಿಂಗಾಣಿ ಗೊಂಬೆಗಳು. ರೊಕೊಕೊ ಶೈಲಿ: ಬಳುಕುವ ಮೈ, ತಿಳಿ ಬಣ್ಣ, ಎಲ್ಲೆಲ್ಲೂ ಹೂವು, ಅಂಚಿಗೆ ಚಿನ್ನ. ತುಂಬಾ ಚೆಂದ ಇವೆ. ಆದರೆ ದುಡ್ಡಿದ್ದವರು ದುಡಿಯುವವರನ್ನು ಹೇಗೆ ನೋಡುತ್ತಿದ್ದರು ಅನ್ನುವುದೂ ಅವುಗಳಲ್ಲೇ ಇದೆ.

ಆ ಕಾಲದ ಯುರೋಪಿನಲ್ಲಿ ಪಿಂಗಾಣಿ ಅಂದರೆ ಸುಮ್ನೆ ಅಲ್ಲ. ಸ್ಯಾಕ್ಸನಿಯ ದೊರೆ ಅಗಸ್ಟಸ್‌ಗೆ ಅದರ ಹುಚ್ಚು ಎಷ್ಟಿತ್ತೆಂದರೆ, 1717ರಲ್ಲಿ ತನ್ನ 600 ಸೈನಿಕರನ್ನು ಪ್ರಷ್ಯಾದ ರಾಜನಿಗೆ ಒಪ್ಪಿಸಿ 151 ಚೀನೀ ಪಿಂಗಾಣಿ ಸಾಮಾನು ತರಿಸಿಕೊಂಡ. ಮನುಷ್ಯರನ್ನು ಕೊಟ್ಟು ಹೂಜಿ! ಚಿನ್ನ ಮಾಡಿಕೊಡುತ್ತಾನೆಂದು ಬ್ಯೋಟ್ಗರ್ ಎಂಬ ಹುಡುಗನನ್ನು ಇದೇ ದೊರೆ ಕಾವಲಿನಲ್ಲಿಟ್ಟಿದ್ದ. ಅವನೂ ಚಿರ್ನ್‌ಹೌಸ್ ಎಂಬ ವಿಜ್ಞಾನಿಯೂ ಸೇರಿ ಕೊನೆಗೆ ಕಂಡುಕೊಂಡಿದ್ದು ಪಿಂಗಾಣಿ ಮಾಡುವ ಗುಟ್ಟನ್ನು. 1710ರಲ್ಲಿ ಕಾರ್ಖಾನೆ ಶುರುವಾಯಿತು, ಅದೂ ಮೈಸೆನ್ನಿನ ಕೋಟೆಯೊಳಗೆ. ಗುಟ್ಟು ಹೊರಗೆ ಹೋಗಬಾರದು, ಅಲ್ವಾ?

1731ರಲ್ಲಿ ಕೆಂಡ್ಲರ್ ಎಂಬ ಶಿಲ್ಪಿ ಅಲ್ಲಿಗೆ ಬಂದ. ಔತಣದ ಕೊನೆಗೆ ಸಿಹಿ ಬಡಿಸುವಾಗ ಶ್ರೀಮಂತರ ಮೇಜಿನ ಮೇಲೆ ಸಕ್ಕರೆಯ ಗೊಂಬೆಗಳನ್ನು ಜೋಡಿಸುವ ರೂಢಿ ಇತ್ತು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನಪಿಸಿಕೊಳ್ಳಿ. ಆ ಜಾಗಕ್ಕೆ ಕೆಂಡ್ಲರನ ಗೊಂಬೆಗಳು ಬಂದವು.

ಅದನ್ನು ಮಾಡುವ ಕೆಲಸ ನೋಡಿ. ಮೊದಲು ಶಿಲ್ಪಿ ಮೂಲ ಗೊಂಬೆ ಮಾಡುತ್ತಾನೆ. ಅದನ್ನು ತಲೆ, ಕೈ, ಟೋಪಿ ಅಂತ ತುಂಡು ಮಾಡಿ ಒಂದೊಂದಕ್ಕೂ ಬೇರೆ ಅಚ್ಚು ತೆಗೆಯುತ್ತಾರೆ. ಅಚ್ಚಿನಿಂದ ಬಂದ ತುಂಡುಗಳನ್ನು ಇನ್ನೊಬ್ಬ ಕೆಲಸಗಾರ ತೆಳು ಮಣ್ಣಿನ ನೀರು ಹಚ್ಚಿ ಅಂಟಿಸಿ, ಕೂಡಿಸಿದ ಗೆರೆ ಕಾಣದ ಹಾಗೆ ತೀಡಬೇಕು, ಬೆರಳುಗಳನ್ನು ಬಿಡಿಸಬೇಕು, ಬಟ್ಟೆಯ ಮಡಿಕೆ ಚೂಪಾಗಿಸಬೇಕು. ಆಮೇಲೆ ಸುಮಾರು 1400 ಡಿಗ್ರಿಯ ಬೆಂಕಿ. ಒಳಗೆ ಗೊಂಬೆ ಹೆಚ್ಚುಕಮ್ಮಿ ಆರನೇ ಒಂದು ಪಾಲು ಕುಗ್ಗುತ್ತದೆ. ಚಾಚಿದ ಕೈ ಜೋತುಬೀಳಬಹುದು, ಕುತ್ತಿಗೆ ಸೀಳಬಹುದು. ಎಷ್ಟೋ ಗೊಂಬೆಗಳ ಕಾಲಿನ ಹಿಂದೆ ಪಿಂಗಾಣಿಯಲ್ಲೇ ಮಾಡಿದ ಮರದ ಮೋಟೊಂದು ಇರುತ್ತದೆ, ಗಮನಿಸಿದ್ದೀರಾ? ಅದು ಬರೀ ಅಂದಕ್ಕಲ್ಲ, ಬೆಂಕಿಯಲ್ಲಿ ಗೊಂಬೆ ಕುಸಿಯದಿರಲಿ ಅಂತ ಕೊಟ್ಟ ಆಸರೆ. ಇಷ್ಟೆಲ್ಲ ಉಳಿದು ಬಂದ ಮೇಲೆ ಬಣ್ಣ, ಚಿನ್ನ, ಮತ್ತೆ ಬೆಂಕಿ.

ಇಷ್ಟು ಕಷ್ಟಪಟ್ಟು ಮಾಡಿದ್ದು ಯಾರ ಗೊಂಬೆ? ಅಗಲ ಲಂಗದ ಹೆಂಗಸರು, ನಾಟಕದ ವಿದೂಷಕರು ಇದ್ದಾರೆ, ಸರಿ. ಜೊತೆಗೆ ಕುರಿ ಕಾಯುವವರು, ಭಿಕ್ಷುಕರು, ಪ್ಯಾರಿಸ್ಸಿನ ಬೀದಿಯಲ್ಲಿ ನಿಂಬೆಹಣ್ಣು ಮಾರುವವರು, ಸ್ಯಾಕ್ಸನಿಯ ಗಣಿ ಕೆಲಸಗಾರರು. ಎಲ್ಲರಿಗೂ ಗುಲಾಬಿ ಕೆನ್ನೆ. ಬೀದಿ ವ್ಯಾಪಾರಿಯ ಬಟ್ಟೆಯ ಮೇಲೂ ಹೂವಿನ ಚಿತ್ತಾರ. ಕೊಳೆಯಿಲ್ಲ, ದಣಿವಂತೂ ಇಲ್ಲವೇ ಇಲ್ಲ. ನನಗೆ ಜಾಸ್ತಿ ಚುಚ್ಚುವುದು ಗಣಿ ಕೆಲಸಗಾರನ ಗೊಂಬೆ. ಸ್ಯಾಕ್ಸನಿಯ ಸಿರಿಗೆ ಮೂಲವೇ ಅಲ್ಲಿನ ಬೆಳ್ಳಿ ಗಣಿ. ಭೂಮಿಯೊಳಗಿಳಿದು ಬೆಳ್ಳಿ ತೆಗೆದವನೇ ಆ ಬೆಳ್ಳಿಯ ದುಡ್ಡಿನ ಮೇಜಿನ ಮೇಲೆ ಗೊಂಬೆಯಾಗಿ ನಿಂತ. ಅದೇ ಆಸ್ಥಾನದ ಮಂತ್ರಿ ಬ್ರ್ಯೂಲ್‌ಗೆ ಅಂತ 1737ರಿಂದ 1742ರವರೆಗೆ ಮಾಡಿದ ಹಂಸದ ಅಲಂಕಾರವಿರುವ ಊಟದ ಸೆಟ್‌ನಲ್ಲಿ 2,000ಕ್ಕೂ ಜಾಸ್ತಿ ಸಾಮಾನುಗಳಿದ್ದವು.

ಮೈಸೆನ್ನಿನ ಗುರುತಾದ ನೀಲಿ ಜೋಡಿ ಕತ್ತಿಗಳು ದೊರೆಯ ಲಾಂಛನದಿಂದ ಬಂದವು. ಕೆಂಡ್ಲರನ ಹೆಸರೂ ಉಳಿಯಿತು. ಬೆರಳು ಬಿಡಿಸಿದವರ ಹೆಸರನ್ನು ಗೊಂಬೆಯ ಮೇಲೆ ಬರೆಯುವ ಪದ್ಧತಿ ಇರಲಿಲ್ಲ. ಈ ಗೊಂಬೆಗಳು ಡ್ರೆಸ್ಡೆನ್ನಿನ ಸ್ವಿಂಗರ್ ಅರಮನೆಯಲ್ಲಿವೆ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ ಇವೆ. ಅಲ್ಲಿಗೆ ಹೋಗಲಾಗದಿದ್ದರೆ ಫೋಟೊಗಳಲ್ಲಾದರೂ ನೋಡಿ, ಮುಖಕ್ಕಿಂತ ಮೊದಲು ಕೈಬೆರಳುಗಳನ್ನು ನೋಡಿ. ನಮಸ್ಕಾರ.